ಅಕ್ಕ ಹೋದ ಮೊದಲ ವರ್ಷ: ಅಳು, ಪ್ರಾರ್ಥನೆ, ವರ್ಷದ ಸ್ಮರಣೆ

ಪ್ರಶ್ನೆ: ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡು ಹತ್ತು ತಿಂಗಳಾಯಿತು. ಆಗ ಅವಳಿಗೆ 44 ವರ್ಷ. ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಅಂದರೆ ಪ್ರಾಟೆಸ್ಟಂಟ್ ಸಭೆ. ಭಾವನ ಮನೆಯವರು ಕ್ಯಾಥೋಲಿಕರು, ಮದುವೆಯಾದ ಮೇಲೆ ಅಕ್ಕನೂ ಅವರ ಜೊತೆಗೇ ಹೋಗುತ್ತಿದ್ದಳು. ಕೊನೆಯ ರಾತ್ರಿ ನಾನು ಆಸ್ಪತ್ರೆಯಲ್ಲಿರಲಿಲ್ಲ, ಬಟ್ಟೆ ತರಲು ಮನೆಗೆ ಬಂದಿದ್ದೆ. ಎಲ್ಲರೂ 'ದೇವರ ಚಿತ್ತ, ಅಳಬಾರದು' ಅನ್ನುತ್ತಾರೆ. ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ವರ್ಷದ ದಿನ ಈ ಸಲ ಈಸ್ಟರಿಗೆ ಮೊದಲಿನ ಪವಿತ್ರ ವಾರದಲ್ಲೇ ಬರುತ್ತದೆ. ಭಾವ ತಮ್ಮ ದೇವಾಲಯದಲ್ಲಿ ಅವಳಿಗಾಗಿ ಪೂಜೆ (ಮಾಸ್) ಇಡಿಸುತ್ತಾರಂತೆ. ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ನಾನು ಹೋಗಬಹುದೇ? ಮನೆಯಲ್ಲಿ ಒಂದು ಸ್ಮರಣೆಯ ಪ್ರಾರ್ಥನೆ ಇಡಬೇಕೆಂದಿದೆ, ಹೇಗೆ ಮಾಡಲಿ? ಅವಳ ಮಕ್ಕಳಿಗೆ 11 ಮತ್ತು 7 ವರ್ಷ, ಅವರಿಗೆ ಏನು ಹೇಳಲಿ? ಅವಳ ಧ್ವನಿ ಮರೆತುಹೋಗುತ್ತದೇನೋ ಎಂಬ ಭಯವೂ ಇದೆ.
— ಓದುಗರೊಬ್ಬರು, ಸಕಲೇಶಪುರ

ಉತ್ತರ: ದುಃಖದಲ್ಲಿರುವವರೆಲ್ಲರೂ 'ಅಳಬಾರದು' ಎಂಬ ನಿಯಮವನ್ನು ಬೈಬಲ್ ಇಟ್ಟಿಲ್ಲ. ಅದನ್ನು ಹೇಳುವವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ 4:13. ಅಲ್ಲಿ ಪೌಲ ಹೇಳುವುದು, ನಿರೀಕ್ಷೆಯಿಲ್ಲದ ಇತರರ ಹಾಗೆ ದುಃಖಿಸಬೇಡಿ ಎಂದು. ದುಃಖವೇ ಬೇಡ ಎಂದು ಅವನು ಹೇಳಿಲ್ಲ. ಅದೇ ಪೌಲ ರೋಮಾಪುರದವರಿಗೆ 'ಅಳುವವರ ಸಂಗಡ ಅಳಿರಿ' ಎಂದು ಬರೆದ (12:15). ತನ್ನ ಜೊತೆ ಕೆಲಸಗಾರ ಎಪಫ್ರೊದೀತ ಸಾಯುವ ಸ್ಥಿತಿಗೆ ಬಂದು ಬದುಕಿದಾಗ, ದೇವರು ಕರುಣಿಸದಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಫಿಲಿಪ್ಪಿಯವರ ಮುಂದೆ ಒಪ್ಪಿಕೊಂಡ (2:27). ಪುನರುತ್ಥಾನವನ್ನು ಅಷ್ಟು ಗಟ್ಟಿಯಾಗಿ ಸಾರಿದವನೇ ಹೀಗೆ ಬರೆದಿದ್ದಾನೆ. ನಿಮ್ಮ ಕಣ್ಣೀರನ್ನು ವಿಶ್ವಾಸದ ಕೊರತೆ ಎಂದು ಎಣಿಸುವ ಹಕ್ಕು ಯಾರಿಗೂ ಇಲ್ಲ.

'ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು' ಎಂಬುದನ್ನೂ ನಮ್ಮ ಮನೆಗಳಲ್ಲಿ ಸಾವಿನ ದಿನವೇ ಹೇಳಿಬಿಡುತ್ತಾರೆ. ಅದನ್ನು ಹೇಳಿದ್ದು ಹತ್ತು ಮಕ್ಕಳನ್ನು ಕಳೆದುಕೊಂಡ ಯೋಬ, ನೋಡಲು ಬಂದ ನೆಂಟರಲ್ಲ. ಬಂದ ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು, ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬಾಯಿಬಿಟ್ಟು ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟಿತು. ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ (42:7). ಇನ್ನೊಮ್ಮೆ ಯಾರಾದರೂ ನಿಮಗೆ 'ದೇವರ ಚಿತ್ತ' ಎಂದರೆ ವಾದ ಬೇಡ. 'ಅವಳು ದೇವರ ಕೈಯಲ್ಲೇ ಇದ್ದಾಳೆ, ಆದರೂ ನನಗೆ ಅಳು ಬರುತ್ತದೆ' ಎಂದು ಹೇಳಿ ಸುಮ್ಮನಾಗಿ.

ಇನ್ನೊಂದು ಮಾತು ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲದಿದ್ದರೂ ಸಾಲುಗಳ ನಡುವೆ ಇದೆ. ಮನೆಗೆ ಬಂದವರು ಭಾವನನ್ನು ವಿಚಾರಿಸುತ್ತಾರೆ, ಮಕ್ಕಳನ್ನು ಅಪ್ಪಿಕೊಳ್ಳುತ್ತಾರೆ, ತಾಯಿಯ ಪಕ್ಕ ಕೂರುತ್ತಾರೆ. ತಂಗಿ ಒಳಗೆ ಕಾಫಿ ಸೋಸುತ್ತಿರುತ್ತಾಳೆ. ಒಡಹುಟ್ಟಿದವರನ್ನು ಕಳೆದುಕೊಂಡವರಿಗೆ ದುಃಖದ ಮನೆಯಲ್ಲಿ ಕೆಲಸವಿರುತ್ತದೆ, ಜಾಗವಿರುವುದಿಲ್ಲ. ಹತ್ತು ತಿಂಗಳಾದರೂ ನಿಮ್ಮ ಅಳು ನಿಂತಿಲ್ಲವೆಂದರೆ ಅದಕ್ಕೆ ಒಂದು ಕಾರಣ, ಅದು ತಡವಾಗಿ ಶುರುವಾದದ್ದೇ ಇರಬಹುದು.

ಆ ಜಾಗವನ್ನು ಸುವಾರ್ತೆ ಕೊಟ್ಟಿದೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಪೂರ್ತಿ ಒಡಹುಟ್ಟಿದವರ ದುಃಖದ ಕಥೆ. ಅಲ್ಲಿ ಸತ್ತ ಲಾಜರನ ಹೆಂಡತಿ ಮಕ್ಕಳ ಸುದ್ದಿಯೇ ಇಲ್ಲ. ಇರುವವರು ಮಾರ್ಥ ಮತ್ತು ಮರಿಯ, ಇಬ್ಬರು ಸಹೋದರಿಯರು. ಇದನ್ನು ನಿಧಾನವಾಗಿ, ಒಂದೇ ಸಲಕ್ಕೆ ಮುಗಿಸದೆ ಓದಿ. ಸುದ್ದಿ ಮುಟ್ಟಿದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಉಳಿದ (ವಚನ 6). ಬೇಥಾನ್ಯಕ್ಕೆ ಬರುವ ಹೊತ್ತಿಗೆ ಲಾಜರ ಸಮಾಧಿಯಲ್ಲಿದ್ದು ನಾಲ್ಕು ದಿನ ಆಗಿತ್ತು. ಮಾರ್ಥ ಎದುರುಹೋಗಿ ಹೇಳಿದ ಮೊದಲ ಮಾತು, ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮರಿಯಳೂ ಅವನ ಪಾದಕ್ಕೆ ಬಿದ್ದು ಅದನ್ನೇ ಹೇಳಿದಳು (ವಚನ 21, 32). ಆ ನಾಲ್ಕು ದಿನ ಅಕ್ಕತಂಗಿಯರಿಬ್ಬರೂ ಮನೆಯಲ್ಲಿ ಇದನ್ನೇ ಹೇಳಿಕೊಂಡಿರಬೇಕು. ಅದು ಸ್ತುತಿಯಲ್ಲ, ದೂರು. ಆ ದೂರನ್ನು ಯೇಸು ತಡೆಯಲಿಲ್ಲ, ತಿದ್ದಲೂ ಇಲ್ಲ.

ಮಾರ್ಥಳಿಗೆ ಅವನು ಮಾತಿನಿಂದ ಸಾಂತ್ವನ ಹೇಳಿದ: 'ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ.' ಮರಿಯಳಿಗೆ ಆ ಮಾತನ್ನೂ ಹೇಳಲಿಲ್ಲ, ಸಮಾಧಿ ಎಲ್ಲಿ ಎಂದು ಕೇಳಿ ಅತ್ತ. ಇನ್ನು ಕೆಲವೇ ನಿಮಿಷಗಳಲ್ಲಿ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದವನೇ ಅತ್ತ. ಮುಂದೆ ಎಲ್ಲ ಸರಿಹೋಗುತ್ತದೆ ಎಂಬ ತಿಳಿವಳಿಕೆ ಅವನ ಕಣ್ಣೀರನ್ನು ಅನಗತ್ಯ ಮಾಡಲಿಲ್ಲ. ಒಂದೇ ಮನೆಯ ಇಬ್ಬರಿಗೆ ಎರಡು ಬಗೆಯ ಸಾಂತ್ವನ ಸಿಕ್ಕಿತು ಎಂಬುದನ್ನೂ ಗಮನಿಸಿ. ನಿಮ್ಮ ತಾಯಿಗೆ ವಾಕ್ಯ ಕೇಳಿದರೆ ಸಮಾಧಾನವಾಗಬಹುದು, ನಿಮಗೆ ಯಾರಾದರೂ ಜೊತೆಗೆ ಕೂತು ಅತ್ತರೆ ಸಾಕಾಗಬಹುದು. ಇಬ್ಬರೂ ಒಂದೇ ರೀತಿ ಇರಬೇಕೆಂದಿಲ್ಲ.

ಸಭೆಯ ಚರಿತ್ರೆಯಲ್ಲಿ ಅಕ್ಕನನ್ನು ಕಳೆದುಕೊಂಡು ಅದನ್ನು ಬರೆದಿಟ್ಟ ತಮ್ಮನೊಬ್ಬನಿದ್ದಾನೆ. ಈಗಿನ ಟರ್ಕಿಯ ಭಾಗವಾದ ಕಪ್ಪದೋಕ್ಯದ ನಿಸ್ಸದ ಗ್ರೆಗೊರಿ, ನಾಲ್ಕನೇ ಶತಮಾನದ ಬಿಷಪ್. ಅಣ್ಣ ಬಸಿಲ್ ತೀರಿಕೊಂಡ ದುಃಖವನ್ನು ಹೇಳಿಕೊಳ್ಳಲು ಹಿರಿಯಕ್ಕ ಮಕ್ರೀನಳ ಹತ್ತಿರ ಹೋದರೆ, ಅವಳೇ ನೆಲದ ಮೇಲೆ ಹಲಗೆ ಹಾಸಿ ಮಲಗಿ ಸಾಯುತ್ತಿದ್ದಳು. ಅದು 379ರ ಸುಮಾರು. ಅವಳು ತಮ್ಮನನ್ನು ಮೊದಲು ಸ್ವಲ್ಪ ಹೊತ್ತು ಅಳಲು ಬಿಟ್ಟಳು, ಆಮೇಲೆ ಆತ್ಮ, ಪುನರುತ್ಥಾನಗಳ ಮಾತೆತ್ತಿದಳು ಎಂದು ಗ್ರೆಗೊರಿ ಬರೆಯುತ್ತಾನೆ. ಅವಳು ತೀರಿಕೊಂಡ ಮೇಲೆ ಅಲ್ಲಿದ್ದ ಹೆಂಗಸರ ಗೋಳು ಹೆಚ್ಚಾದಾಗ ಅವನು ಬಾಯಿ ಮುಚ್ಚಿರಿ ಎನ್ನಲಿಲ್ಲ, ಆ ದನಿಯನ್ನೇ ಕೀರ್ತನೆಗೆ ತಿರುಗಿಸಿರಿ ಎಂದ. ಮೊದಲು ಅಳು, ಆಮೇಲೆ ಮಾತು, ಆ ಅಳುವಿನಿಂದಲೇ ಪ್ರಾರ್ಥನೆ. ನಿಮಗೆ ಕೆಳಗೆ ಹೇಳುವುದೆಲ್ಲ ಈ ಕ್ರಮದಲ್ಲೇ ಇದೆ.

ಪ್ರಾರ್ಥನೆ ಬಾರದಿರುವುದರ ಬಗ್ಗೆ. ನೀವು ಬಹುಶಃ ಸ್ತೋತ್ರದಿಂದ ಶುರುಮಾಡಲು ಪ್ರಯತ್ನಿಸುತ್ತಿದ್ದೀರಿ, ಹಾಗೆಯೇ ನಮಗೆಲ್ಲ ಕಲಿಸಿರುವುದು. ಒಳಗೆ ದೂರು ತುಂಬಿರುವಾಗ ಬಾಯಿ ಸ್ತೋತ್ರ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಕೀರ್ತನೆ 13ನ್ನು ತೆಗೆಯಿರಿ. ಆರೇ ವಚನ. ಮೊದಲ ಎರಡರಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮೂರು ನಾಲ್ಕರಲ್ಲಿ ಬೇಡಿಕೆ. ಐದನೆಯದರಲ್ಲಿ ಮಾತ್ರ ಭರವಸೆಯ ಕಡೆ ತಿರುವು. ಒಂದು ನೋಟ್‌ಬುಕ್ಕಿನಲ್ಲಿ ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ದೇವರನ್ನು ಕರೆಯುವ ಒಂದು ಸಾಲು, ನಾಲ್ಕು 'ಎಷ್ಟರವರೆಗೆ' ಸಾಲು, ಈ ಹೊತ್ತಿಗೆ ಬೇಕಾದ ಒಂದೇ ಒಂದು ಬೇಡಿಕೆ. ಬೇಡಿಕೆ ಸಣ್ಣದಿರಲಿ: ಇವತ್ತು ರಾತ್ರಿ ನಿದ್ದೆ ಕೊಡು, ಭಾನುವಾರ, ಮದುವೆಗೆ ಮೊದಲು ಅವಳು ಕೂರುತ್ತಿದ್ದ ಬೆಂಚನ್ನು ನೋಡುವ ಶಕ್ತಿ ಕೊಡು. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂರಬೇಡಿ. ವಾರಕ್ಕೆ ಎರಡು ಸಲ ಸಾಕು.

ಇಲ್ಲಿ ಹೆಚ್ಚಿನವರು ಎಡವುವುದು ಐದನೇ ವಚನದ ತಿರುವಿಗೆ ಬೇಗ ಹಾರುವುದರಲ್ಲಿ. ಬರೆದ ದಿನವೇ ಭರವಸೆಯ ಸಾಲೂ ಬರಬೇಕು ಎಂದುಕೊಂಡು ಸುಳ್ಳು ಸಾಲು ಬರೆಯುತ್ತಾರೆ, ಮಾರನೇ ದಿನದಿಂದ ನೋಟ್‌ಬುಕ್ ಮುಟ್ಟುವುದಿಲ್ಲ. ಬಾರದಿದ್ದರೆ ಆ ಜಾಗ ಖಾಲಿ ಬಿಡಿ. ಕೀರ್ತನೆ 88 ತಿರುವೇ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಬೈಬಲಿನ ಪ್ರಾರ್ಥನೆಯೇ. ಬರೆಯಲೂ ಆಗದ ದಿನ ಸುಮ್ಮನೆ ಕೂತಿರಿ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾನೆ ಎಂದು ರೋಮ 8:26 ಹೇಳುತ್ತದೆ. ಅಂಥ ದಿನಗಳಲ್ಲಿ ಕರ್ತನ ಪ್ರಾರ್ಥನೆಯನ್ನು ಒಂದು ಸಲ ನಿಧಾನವಾಗಿ ಹೇಳಿ ಎದ್ದರೂ ಆಯಿತು. ಮತ್ತೆ, ಭಾನುವಾರ ಆರಾಧನೆಗೆ ಹೋಗಿ ಹಾಡಲಾಗದಿದ್ದರೆ ಹಾಡಬೇಡಿ. ಪಕ್ಕದವರು ಹಾಡುತ್ತಾರೆ, ಸಭೆ ಇರುವುದೇ ಅದಕ್ಕೆ.

ಕೊನೆಯ ರಾತ್ರಿ ಇರಲಿಲ್ಲ ಎಂಬ ನೋವಿಗೆ ಬರುತ್ತೇನೆ. ಇಲ್ಲಿ ಎರಡು ಸಂಗತಿ ಬೆರೆತುಹೋಗಿವೆ. ಬಟ್ಟೆ ತರಲು ಮನೆಗೆ ಹೋದದ್ದು ತಪ್ಪಲ್ಲ. ಅದು ಅಕ್ಕನಿಗಾಗಿಯೇ ಮಾಡಿದ ಕೆಲಸ. ಅದಕ್ಕೆ ಕ್ಷಮೆ ಬೇಕಿಲ್ಲ. ಅಲ್ಲಿರುವುದು ನೋವು, ಅದನ್ನು 'ನೀನು ಇಲ್ಲಿ ಇದ್ದಿದ್ದರೆ' ಎಂಬ ಬೇಥಾನ್ಯದ ದೂರಿನ ಜೊತೆಗೇ ದೇವರ ಮುಂದೆ ಇಡಬೇಕು. ಆದರೆ ಕೆಲವೊಮ್ಮೆ ಇಂಥ ನೋವಿನ ಅಡಿಯಲ್ಲಿ ನಿಜವಾದ ತಪ್ಪೂ ಒಂದಿರುತ್ತದೆ: ಹಿಂದೆ ಆಡಿದ ಕೆಟ್ಟ ಮಾತು, ಆಸ್ತಿಯ ಮುನಿಸು, ತಿಂಗಳುಗಟ್ಟಲೆ ಮಾಡದ ಫೋನು. ಅಂಥದ್ದೇನಾದರೂ ಇದ್ದರೆ ಅದನ್ನು ಹೆಸರಿಟ್ಟು ಹೇಳಿ. 'ನಾನು ಒಳ್ಳೆಯ ತಂಗಿ ಆಗಿರಲಿಲ್ಲ' ಎಂದು ಸಾರಾಸಗಟಾಗಿ ಒಪ್ಪಿಕೊಂಡರೆ ಭಾರ ಇಳಿಯುವುದಿಲ್ಲ, ಏಕೆಂದರೆ ಅದು ಯಾವ ತಪ್ಪನ್ನೂ ಹೇಳುವುದಿಲ್ಲ. ಅಕ್ಕನಿಗೆ ಒಂದು ಪತ್ರ ಬರೆದು, ಇಂಥ ದಿನ ಇಂಥ ಮಾತು ಎಂದು ಸ್ಪಷ್ಟವಾಗಿ ಬರೆಯಿರಿ. ಆಮೇಲೆ ನಿಮ್ಮ ಸಭಾಪಾಲಕರ ಹತ್ತಿರ ಒಬ್ಬರೇ ಹೋಗಿ, ಅದನ್ನು ಓದಿ, ಪಾಪಕ್ಷಮೆಯ ವಾಕ್ಯವನ್ನು ನಿಮ್ಮ ಹೆಸರು ಹಿಡಿದು ಹೇಳಿ ಪ್ರಾರ್ಥಿಸಿರಿ ಎಂದು ಕೇಳಿಕೊಳ್ಳಿ. ಭಾನುವಾರ ಎಲ್ಲರ ಜೊತೆ ಕೇಳುವ ಕ್ಷಮೆಯ ಮಾತಿಗೂ ಇದಕ್ಕೂ ಅರ್ಥದಲ್ಲಿ ವ್ಯತ್ಯಾಸವಿಲ್ಲ, ಕಿವಿಗೆ ತಲುಪುವುದರಲ್ಲಿ ಬಹಳ ವ್ಯತ್ಯಾಸವಿದೆ.

ಈಗ ಪೂಜೆ. ಮೊದಲು ದಿನ ಸರಿಮಾಡಿಕೊಳ್ಳಿ. ಗರಿಗಳ ಭಾನುವಾರದಿಂದ ಪಾಸ್ಖದವರೆಗಿನ (ಈಸ್ಟರಿನವರೆಗಿನ) ವಾರದಲ್ಲಿ ಕ್ಯಾಥೋಲಿಕ್ ದೇವಾಲಯದಲ್ಲಿ ಸತ್ತವರ ವರ್ಷದ ಸ್ಮರಣೆಯ ಪೂಜೆಯ ವಿಶೇಷ ಪ್ರಾರ್ಥನಾಪಾಠಗಳನ್ನು ಬಳಸುವಂತಿಲ್ಲ. ಶುಭ ಶುಕ್ರವಾರ ಬಲಿಪೂಜೆಯೇ ಇರುವುದಿಲ್ಲ. ಪಾಸ್ಖದ ನಂತರದ ಎಂಟು ದಿನಗಳೂ ಮಹೋತ್ಸವದ ದಿನಗಳೇ. ಹಾಗಾಗಿ ಗರಿಗಳ ಭಾನುವಾರದ ಹಿಂದಿನ ವಾರ ಅಥವಾ ಪಾಸ್ಖದ ಎರಡನೇ ಭಾನುವಾರ ಕಳೆದ ಮೇಲಿನ ವಾರದ ದಿನವನ್ನು ಭಾವ ಕೇಳಲಿ. ಭಾನುವಾರವೇ ಬೇಕು ಎಂದು ಹಟ ಹಿಡಿದರೆ ಸಿಗದಿರಬಹುದು. ಧರ್ಮಕೇಂದ್ರದ ಗುರುಗಳು ಪ್ರತಿ ಭಾನುವಾರ ಒಂದು ಪೂಜೆಯನ್ನು ಅಲ್ಲಿನ ಎಲ್ಲ ಜನರಿಗಾಗಿ ಅರ್ಪಿಸಬೇಕೆಂಬುದು ಸಭೆಯ ಕಾನೂನು. ಕಚೇರಿಯ ಪುಸ್ತಕದಲ್ಲಿ ಉದ್ದೇಶ, ಅಂದರೆ ಪೂಜೆ ಯಾರಿಗಾಗಿ ಎಂಬುದನ್ನು, ಬರೆಸುವಾಗ ಅಕ್ಕನ ಜ್ಞಾನಸ್ನಾನದ (ದೀಕ್ಷಾಸ್ನಾನದ) ಹೆಸರು, ಮನೆಹೆಸರು, ಗಂಡನ ಹೆಸರು ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದ ಹೆಸರು ಪೂಜೆಯ ದಿನ ಬೇರೆಯಾಗಿ ಕೇಳಿಸಿದರೆ ಮನೆಯವರಿಗೆ ಆಗುವ ನೋವು ಸಣ್ಣದಲ್ಲ. ಕೊಡುವುದು ಕಾಣಿಕೆ, ಬೆಲೆಯಲ್ಲ. ಕಾಣಿಕೆ ಕೊಡಲಾಗದ ಬಡವರ ಉದ್ದೇಶಕ್ಕೂ ಪೂಜೆ ಅರ್ಪಿಸಬೇಕೆಂದು ಅದೇ ಕಾನೂನು ಗುರುಗಳಿಗೆ ಒತ್ತಿ ಹೇಳುತ್ತದೆ.

ನೀವು ಹೋಗಬಹುದೇ? ಖಂಡಿತ ಹೋಗಿ. ಎರಡು ಸಭೆಗಳ ಭೇದ ನಿಜವಾದದ್ದು, ಅದನ್ನು ಮುಚ್ಚಿಡಬೇಕಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಕ್ಯಾಥೋಲಿಕರು ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯವನ್ನು ಆಧಾರ ಕೊಡುತ್ತಾರೆ. ಅವರ ಬೈಬಲಿನ 73 ಗ್ರಂಥಗಳಲ್ಲಿ ಅದು ಸೇರಿದೆ, ನಮ್ಮ 66ರಲ್ಲಿ ಇಲ್ಲ. ನಮ್ಮ ಆರಾಧನೆಯಲ್ಲಿ ಅಗಲಿದ ವಿಶ್ವಾಸಿಗಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇವೆ. ಆದರೆ ಸತ್ತವರೂ ಬದುಕಿರುವವರೂ ಕ್ರಿಸ್ತನಲ್ಲಿ ಒಂದೇ ಸಭೆ ಎಂಬುದನ್ನು ಎರಡೂ ಕಡೆ ಅದೇ ವಿಶ್ವಾಸ ಪ್ರಮಾಣದಲ್ಲಿ, ಪರಿಶುದ್ಧರ ಅನ್ಯೋನ್ಯತೆ ಎಂದು ಹೇಳುತ್ತೇವೆ. ಭಾವ ಅಕ್ಕನಿಗಾಗಿ ಬೇಡಿಕೊಳ್ಳುವ ಹೊತ್ತಿಗೆ ನೀವು ಅವಳಿಗಾಗಿ ಸ್ತೋತ್ರ ಹೇಳಿ, ಮಕ್ಕಳಿಗಾಗಿ ಬೇಡಿ. ಅಕ್ಕಪಕ್ಕ ಮೊಣಕಾಲೂರಲು ಇಷ್ಟು ಸಾಕು.

ಮುಜುಗರ ಆಗದಿರಲು ಮೂರು ವಿಷಯ ಮೊದಲೇ ಫಾದರ್ ಹತ್ತಿರ ಮಾತಾಡಿ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸಾಮಾನ್ಯವಾಗಿ ಕ್ಯಾಥೋಲಿಕರಿಗಷ್ಟೇ. ಅನೇಕ ಕಡೆ ಬೇರೆ ಸಭೆಯವರು ಎದೆಯ ಮೇಲೆ ಕೈ ಅಡ್ಡ ಇಟ್ಟು ಸಾಲಿನಲ್ಲಿ ಹೋಗಿ ಆಶೀರ್ವಾದ ಪಡೆಯುತ್ತಾರೆ, ಅಲ್ಲಿ ಆ ರೂಢಿ ಇದೆಯೇ ಕೇಳಿ. ಪೂಜೆಯಲ್ಲಿ ಬೈಬಲ್ ವಾಚನವನ್ನು ಅವರ ಸಭೆಯವರೇ ಮಾಡಬೇಕೆಂಬ ನಿಯಮವಿದೆ, ಬಿಷಪರ ಅನುಮತಿ ಇಲ್ಲದೆ ನಿಮಗೆ ಕೊಡಲಾಗದು. ಇದನ್ನು ಭಾವನ ಮನೆಯವರು ನಿಮ್ಮನ್ನು ಹೊರಗಿಟ್ಟರು ಎಂದು ತಿಳಿಯಬೇಡಿ. ಸಮಾಧಿಯ ಹತ್ತಿರ ಅಥವಾ ಮನೆಯಲ್ಲಿ ನಡೆಯುವ ಪ್ರಾರ್ಥನೆಯಲ್ಲಿ ನೀವು ಓದಬಹುದು. ಸ್ಮರಣೆಯ ಮಾತಿಗೆ ಅವಕಾಶ ಕೊಟ್ಟರೆ ಅದು ಪರಮಪ್ರಸಾದದ ನಂತರದ ಪ್ರಾರ್ಥನೆ ಆದ ಮೇಲೆ, ಮೂರು ನಿಮಿಷದೊಳಗೆ. ಪ್ರಬೋಧನೆಯ (ಗುರುಗಳ ಪ್ರಸಂಗದ) ಜಾಗದಲ್ಲಿ ಅಲ್ಲ.

ನಿಜವಾದ ತೇದಿಯಂದು ಮನೆಯ ಪ್ರಾರ್ಥನೆ ಇಡಿ. ಪವಿತ್ರ ವಾರವಾದ್ದರಿಂದ ಸಭಾಪಾಲಕರಿಗೆ ಪ್ರತಿ ಸಂಜೆ ಕೆಲಸವಿರುತ್ತದೆ, ಎರಡು ತಿಂಗಳು ಮೊದಲೇ ಹೇಳಿ, ಬೆಳಿಗ್ಗೆಯ ಹೊತ್ತು ಕೇಳಿ. ಒಟ್ಟು 40 ನಿಮಿಷ ಮೀರಬಾರದು. ಒಂದು ಗೀತೆ. ಕೀರ್ತನೆ 130, ಒಂದು ವಚನ ನಡೆಸುವವರು, ಒಂದು ವಚನ ಎಲ್ಲರೂ. ಎರಡು ನಿಮಿಷ ಪೂರ್ತಿ ಮೌನ. ಯಾರಾದರೂ ಗಡಿಯಾರ ನೋಡಿಕೊಳ್ಳಲಿ, ಇಲ್ಲದಿದ್ದರೆ ಅರ್ಧ ನಿಮಿಷಕ್ಕೇ ಯಾರೋ ಕೆಮ್ಮಿ ಹಾಡು ಎತ್ತಿಬಿಡುತ್ತಾರೆ. ಆಮೇಲೆ ಯೋಹಾನ 11:17ರಿಂದ 36. 'ಯೇಸು ಕಣ್ಣೀರು ಬಿಟ್ಟನು' ಎಂಬಲ್ಲಿಗೆ, ಅದನ್ನು ನೋಡಿದ ಜನರ ಮಾತಿಗೆ ನಿಲ್ಲಿಸಿ. ಲಾಜರ ಎದ್ದು ಬರುವ ಭಾಗ ಆ ದಿನ ಬೇಡ, ಏಳು ವರ್ಷದ ಮಗು 'ನಮ್ಮಮ್ಮ ಯಾಕೆ ಏಳಲಿಲ್ಲ' ಎಂದು ಕೇಳಿದರೆ ಅಷ್ಟು ಜನರ ನಡುವೆ ಉತ್ತರಿಸುವುದು ಕಷ್ಟ. ಎಂಟು ನಿಮಿಷದ ಸಂದೇಶ, ನಿಮ್ಮ ಸ್ಮರಣೆಯ ಮಾತು, ಸ್ತೋತ್ರ ಮತ್ತು ಬೇಡಿಕೆಯ ಪ್ರಾರ್ಥನೆ, ಕರ್ತನ ಪ್ರಾರ್ಥನೆ, ಇನ್ನೊಂದು ಗೀತೆ, ಆಶೀರ್ವಾದ.

ಇಂಥ ಪ್ರಾರ್ಥನೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಸಂದೇಶ ಮುಕ್ಕಾಲು ಗಂಟೆ ಎಳೆದು, ಬಂದ ನೆಂಟರನ್ನು ಎಚ್ಚರಿಸುವ ಪ್ರಸಂಗವಾಗುವುದು. ಇದಕ್ಕೆ ಮದ್ದು, ಕಾರ್ಯಕ್ರಮವನ್ನು ಸಮಯದ ಸಮೇತ ಒಂದು ಹಾಳೆಯಲ್ಲಿ ಬರೆದು ಸಭಾಪಾಲಕರಿಗೆ ಹಿಂದಿನ ವಾರವೇ ಕೊಡುವುದು. ಮನೆಯವರ ಕೋರಿಕೆ ಎಂದರೆ ಅವರು ಬೇಸರಿಸುವುದಿಲ್ಲ. ಇನ್ನೊಂದು, ಊಟ. ದುಃಖದಲ್ಲಿರುವವರೇ ಅರವತ್ತು ಜನರಿಗೆ ಅಡುಗೆ ಮಾಡಿ ಬಡಿಸಿ ಪ್ರಾರ್ಥನೆಯ ಹೊತ್ತಿಗೆ ಬೆವರು ಒರೆಸಿಕೊಂಡು ಹಿಂದೆ ನಿಂತಿರುತ್ತಾರೆ. ಅಡುಗೆಯನ್ನು ಸಭೆಯ ಮಹಿಳಾ ಅನ್ಯೋನ್ಯ ಕೂಟದವರಿಗೋ ಅತ್ತಿಗೆ ನಾದಿನಿಯರಿಗೋ ಪೂರ್ತಿ ಒಪ್ಪಿಸಿ. ಅಕ್ಕನಿಗೆ ಇಷ್ಟವಾದ ಒಂದು ತಿಂಡಿಯನ್ನಷ್ಟೇ, ಒತ್ತು ಶ್ಯಾವಿಗೆಯೋ ಏನೋ, ಹಿಂದಿನ ದಿನ ಮಕ್ಕಳ ಜೊತೆ ಕೂತು ನೀವು ಮಾಡಿ.

ಸ್ಮರಣೆಯ ಮಾತು ನಾಲ್ಕು ನಿಮಿಷ. ಗಂಟಲು ಕಟ್ಟಿದಾಗ ಓದು ನಿಧಾನವಾಗುತ್ತದೆ, ನಿಮಿಷಕ್ಕೆ 80 ಪದ ಎಂದಿಟ್ಟುಕೊಂಡು 320 ಪದ ಬರೆಯಿರಿ. ಅವಳ ಓದು, ಕೆಲಸ, ಮದುವೆಯ ಪಟ್ಟಿ ಬೇಡ, ಕೂತವರಿಗೆ ಅದೆಲ್ಲ ಗೊತ್ತು. 'ತುಂಬಾ ಒಳ್ಳೆಯವಳು, ಎಲ್ಲರನ್ನೂ ಪ್ರೀತಿಸುತ್ತಿದ್ದಳು' ಎಂಬ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ, ಅದರಲ್ಲಿ ಅಕ್ಕ ಇರುವುದಿಲ್ಲ. ಅವಳೊಬ್ಬಳಿಗೇ ಹೊಂದುವ ಮೂರು ಸಂಗತಿ ಆರಿಸಿ: ಚಿಕ್ಕಂದಿನಲ್ಲಿ ನಿಮಗೊಬ್ಬರಿಗೇ ಗೊತ್ತಿರುವ ಒಂದು, ಅವಳು ಪದೇ ಪದೇ ಆಡುತ್ತಿದ್ದ ಒಂದು ಮಾತು ಅವಳದೇ ಧಾಟಿಯಲ್ಲಿ, ಅವಳ ವಿಶ್ವಾಸ ಕೆಲಸದಲ್ಲಿ ಕಂಡ ಒಂದು ದಿನ. ಅವಳಿಗೆ ಸಿಟ್ಟು ಬರುತ್ತಿತ್ತು ಎಂದಿದ್ದರೆ ಅದೂ ಇರಲಿ, ದೋಷವಿಲ್ಲದ ಅಕ್ಕನನ್ನು ಮಕ್ಕಳು ಗುರುತಿಸಲಾರರು. ಆಸ್ಪತ್ರೆಯ ಕೊನೆಯ ವಾರಗಳನ್ನು ಬಿಟ್ಟುಬಿಡಿ. ಹಿಂದಿನ ದಿನ ಭಾವನಿಗೆ ಓದಿ ಕೇಳಿಸಿ. ದೊಡ್ಡ ಅಕ್ಷರದಲ್ಲಿ ಎರಡು ಪ್ರತಿ ತೆಗೆದು ಒಂದನ್ನು ಪಕ್ಕ ಕೂರುವವರ ಕೈಯಲ್ಲಿ ಕೊಡಿ, ನಿಮಗೆ ಆಗದಿದ್ದರೆ ಅದೇ ಸಾಲಿನಿಂದ ಅವರು ಮುಂದುವರಿಸುತ್ತಾರೆ.

ಧ್ವನಿಯ ಬಗ್ಗೆ ನಿಮ್ಮ ಭಯ ನ್ಯಾಯವಾದದ್ದು, ಮತ್ತು ಇದರಲ್ಲಿ ತಡ ಮಾಡಬಾರದು. ಅಕ್ಕ ನಿಮಗೆ ಕಳಿಸಿದ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲೇ ಇರುತ್ತವೆ. ವಾಟ್ಸಾಪಿನಲ್ಲಿ ಅವಳ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ, ಮೋರ್, ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಸೇರಿಸಿ ಕಳಿಸಿಕೊಳ್ಳಿ. ಮಾತುಕತೆ ಬಹಳ ಉದ್ದವಿದ್ದರೆ ಹಳೆಯದೆಲ್ಲ ಅದರಲ್ಲಿ ಬರುವುದಿಲ್ಲ. ಅದಕ್ಕೆ ಆಂಡ್ರಾಯ್ಡ್ ಫೋನಾದರೆ ಫೈಲ್ಸ್‌ನಲ್ಲಿ ವಾಟ್ಸಾಪ್ ವಾಯ್ಸ್ ನೋಟ್ಸ್ ಎಂಬ ಫೋಲ್ಡರನ್ನೇ ಪೂರ್ತಿ ಲ್ಯಾಪ್‌ಟಾಪಿಗೆ ನಕಲು ಮಾಡಿ. ಪೆನ್‌ಡ್ರೈವಿನಲ್ಲಿ ಒಂದು, ಭಾವನ ಹತ್ತಿರ ಒಂದು ಪ್ರತಿ ಇರಲಿ. ಅಕ್ಕನ ಸಿಮ್ ಪ್ರೀಪೇಯ್ಡ್ ಆಗಿದ್ದು ರೀಚಾರ್ಜ್ ಮಾಡದಿದ್ದರೆ, 90 ದಿನ ಬಳಕೆಯಿಲ್ಲದ ನಂಬರನ್ನು ಕಂಪನಿ ನಿಲ್ಲಿಸಿ ಮುಂದೆ ಬೇರೆಯವರಿಗೆ ಕೊಡಬಹುದು. ಆಗ ಒಂದು ದಿನ 'ಅಕ್ಕ' ಎಂಬ ಹೆಸರಿನ ಮುಂದೆ ಯಾರದೋ ಮುಖ ಕಾಣಿಸುತ್ತದೆ. ಅನೇಕರನ್ನು ಅದು ಮತ್ತೆ ಸಾವಿನ ದಿನಕ್ಕೇ ತಳ್ಳಿದೆ. ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನೂ ಅದರಲ್ಲಿರುವ ಫೋಟೋ ಸಮೇತ ಗೂಗಲ್ ಅಳಿಸಬಹುದು. ಸೀರೆಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಅವನ್ನು ವರ್ಷ ಕಳೆದ ಮೇಲೆ, ಅಕ್ಕನ ಮಗಳಿಗೆ ಬೇಕಾದ್ದನ್ನು ಮೊದಲು ಅವಳೇ ಆರಿಸಿಕೊಂಡ ಮೇಲೆ ಹಂಚಿ.

ಸತ್ತವರನ್ನು ಪೌಲ 'ನಿದ್ರೆ' ಹೋದವರು ಎನ್ನುತ್ತಾನೆ, ಮಕ್ಕಳ ಹತ್ತಿರ ಆ ಮಾತನ್ನು ಬಳಸಬೇಡಿ. ಅಮ್ಮ ನಿದ್ದೆ ಮಾಡಿದ್ದಾಳೆ ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುತ್ತದೆ. 'ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ' ಎಂದರೆ ಒಳ್ಳೆಯವರಾಗಲೂ ಹೆದರುತ್ತಾರೆ, ಕರೆದುಕೊಂಡ ದೇವರ ಮೇಲೂ ಹೆದರಿಕೆ ಬರುತ್ತದೆ. ಸರಳವಾಗಿ ಹೇಳಿ: ಅಮ್ಮನಿಗೆ ಕ್ಯಾನ್ಸರ್ ಎಂಬ ಕಾಯಿಲೆ ಇತ್ತು, ಡಾಕ್ಟರು ಪ್ರಯತ್ನಪಟ್ಟರೂ ವಾಸಿಯಾಗಲಿಲ್ಲ, ಅವಳ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು, ಅವಳು ಯೇಸುವಿನ ಹತ್ತಿರ ಇದ್ದಾಳೆ, ನಾವು ಅವಳನ್ನು ಮತ್ತೆ ನೋಡುತ್ತೇವೆ, ಅಲ್ಲಿಯವರೆಗೆ ನಮಗೆ ಅಳು ಬರುತ್ತದೆ. ಕಾಯಿಲೆ ಅವರ ತುಂಟತನದಿಂದ ಬಂದದ್ದಲ್ಲ ಎಂದು ಕೇಳದಿದ್ದರೂ ಹೇಳಿ, ಏಳು ವರ್ಷದವರು ಹಾಗೆ ಯೋಚಿಸುವುದುಂಟು. 'ಇನ್ನು ಮೇಲೆ ನಾನೇ ನಿಮ್ಮಮ್ಮ' ಎನ್ನಬೇಡಿ. ನೀವು ಚಿಕ್ಕಮ್ಮ. ಅಮ್ಮ ಚಿಕ್ಕವಳಿದ್ದಾಗ ಹೇಗಿದ್ದಳೆಂದು ಹೇಳುವ ಕೆಲಸ ಭಾವನಿಂದಲೂ ಆಗದು, ನಿಮ್ಮಿಂದಲೇ ಆಗಬೇಕು. ಪ್ರತಿ ವರ್ಷ ಜುಲೈ 29ರಂದು ಅದಕ್ಕೊಂದು ಸಂಜೆ ಇಡಬಹುದು. ಮಾರ್ಥ, ಮರಿಯ, ಲಾಜರ ಮೂವರನ್ನೂ ಒಟ್ಟಿಗೆ ನೆನೆಯುವ ದಿನವಾಗಿ ಪೋಪ್ ಫ್ರಾನ್ಸಿಸ್ 2021ರಲ್ಲಿ ಅದನ್ನು ಪಂಚಾಂಗಕ್ಕೆ ಸೇರಿಸಿದರು. ಒಡಹುಟ್ಟಿದವರ ದಿನವೇ ಅದು. ಕ್ಯಾಥೋಲಿಕರು ಸತ್ತವರನ್ನೆಲ್ಲ ನೆನೆಯುವ ನವೆಂಬರ್ 2ರಂದು ಮಕ್ಕಳು ಅಪ್ಪನ ಜೊತೆ ಸಮಾಧಿಗೆ ಹೇಗೂ ಹೋಗುತ್ತಾರೆ, ನೀವೂ ಹೋಗಿ.

ಸಮಾಧಿಯ ಮೇಲೆ ಗ್ರಾನೈಟ್ ಕಲ್ಲು ಕೂರಿಸುವ ಯೋಚನೆಯಿದ್ದರೆ ಒಂದು ಪೂರ್ತಿ ಮಳೆಗಾಲ ಕಳೆಯಲಿ. ಮಲೆನಾಡಿನ ಮಳೆಗೆ ಹೊಸ ಮಣ್ಣು ಕುಸಿಯುತ್ತದೆ, ಅದಕ್ಕೆ ಮೊದಲೇ ಇಟ್ಟ ಭಾರದ ಕಲ್ಲು ವಾಲಿ ಬಿರುಕು ಬಿಡುತ್ತದೆ. ಅಳತೆಗೂ ಬರಹಕ್ಕೂ ದೇವಾಲಯದ ಅನುಮತಿ ಮೊದಲೇ ಪಡೆಯಿರಿ.

ಇನ್ನು ನಿಮ್ಮ ಬಗ್ಗೆ. ವರ್ಷ ಕಳೆದ ಮೇಲೂ ದಿನದ ಹೆಚ್ಚಿನ ಹೊತ್ತು ಅದೇ ಹಂಬಲ, ಅವಳಿಲ್ಲ ಎಂದು ನಂಬಲಾಗದಿರುವುದು, ಕೆಲಸ ಮತ್ತು ಮನೆ ನಡೆಸಲಾಗದಿರುವುದು ಹೀಗೇ ಮುಂದುವರಿದರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇದೆ, ಚಿಕಿತ್ಸೆಯೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಕ್ಕನ ಹತ್ತಿರ ಹೋಗಿಬಿಡಬೇಕು ಎಂಬ ಯೋಚನೆ ಒಮ್ಮೆ ಬಂದರೂ ವರ್ಷದವರೆಗೆ ಕಾಯಬೇಡಿ, ಆ ದಿನವೇ ಈ ಸಹಾಯವಾಣಿಗೆ ಕರೆಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಮತ್ತೊಂದು ಕೆಲಸವಿದೆ, ಇದನ್ನು ಬಹಳ ಜನ ಭಯದಿಂದ ಮುಂದೂಡುತ್ತಾರೆ. ಒಡಹುಟ್ಟಿದವಳಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ನಿಮಗಿರುವ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು, ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಬಂದದ್ದರಿಂದ ಇನ್ನೂ ಹೆಚ್ಚಿರಬಹುದು. ಅಕ್ಕನಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಶುರುವಾಗಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ನಿಮಗೆ ಆ ವಯಸ್ಸು ಆಗಲೇ ದಾಟಿದೆ. ಭಾವನ ಹತ್ತಿರ ಅಕ್ಕನ ಬಯಾಪ್ಸಿ ರಿಪೋರ್ಟಿನ ಪ್ರತಿ ಕೇಳಿ ಪಡೆದು, ಈ ತಿಂಗಳೇ ಅದನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಮ್ಯಾಮೋಗ್ರಾಮ್ ಮತ್ತು ವಂಶವಾಹಿ ಪರೀಕ್ಷೆ ಬೇಕೇ ಎಂದು ಕೇಳಿ.